ಸಾಹೇಬ್ರು ರಾಜಕೀಯ ಬಿಟ್ಟದ್ದು

ಗಾದಿಲಿಂಗಪ್ಪನವರು ರಾಜಕೀಯ ಬಿಡುವ ಮಾತನ್ನು ಊರಿಗೆ ಹೇಳುವ ಮೊದಲು ಕನ್ನಡಿಗೆ ಹೇಳಿದರು. ಬಳ್ಳಾರಿಯ ಗಾಂಧಿನಗರದ ಮನೆ, ಮಹಡಿ ಮೇಲಿನ ಕೋಣೆ. ಇಸ್ತ್ರಿ ಮುರಿಯದ ಬಿಳಿ ಅಂಗಿ ತೊಟ್ಟು, ಹೆಗಲ ಮೇಲೆ ಶಾಲು ಇಳಿಬಿಟ್ಟು ನಿಂತು, "ಇನ್ನು ಸಾಕು, ಹೊಸಬರಿಗೆ ದಾರಿ ಬಿಡುವ ಕಾಲ ಬಂದಿದೆ" ಎಂದು ದನಿ ನಡುಗಿಸಿ ಹೇಳಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಕಣ್ಣಲ್ಲಿ ನೀರೇನೂ ಇರಲಿಲ್ಲ. ಆಮೇಲೆ ಮಂಚದ ಮೇಲೆ ಒಗೆದ ಬಟ್ಟೆ ಮಡಚುತ್ತ ಕುಳಿತಿದ್ದ ಹೆಂಡತಿಯ ಕಡೆ ತಿರುಗಿದರು.

"ಹೆಂಗಿತ್ತು?"

"ಕನ್ನಡಕ ತಗಿಯೋದು ಜಲ್ದಿ ಆತು," ಎಂದಳು ಶಿವಬಸಮ್ಮ.

ಅವರು ಅದನ್ನು ಸಲಹೆಯೆಂದೇ ತಿಳಿದರು. ಮತ್ತೊಮ್ಮೆ ಕನ್ನಡಿಯ ಮುಂದೆ ನಿಂತು, ಈ ಸಲ ಕನ್ನಡಕವನ್ನು ಸಾವಕಾಶವಾಗಿ ತೆಗೆದರು. ಹೆಂಡತಿಯ ದನಿಯಲ್ಲಿ ಏನಿದೆಯೆಂದು ಕಿವಿಗೊಟ್ಟು ಕೇಳುವ ಅಭ್ಯಾಸ ಅವರಿಗೆ ಮೊದಲಿನಿಂದಲೂ ಇರಲಿಲ್ಲ.

ಶಿವಬಸಮ್ಮ ಕುರುಗೋಡಿನ ಹತ್ತಿ ವ್ಯಾಪಾರಿಯ ಮಗಳು. ಮದುವೆಗೆ ಮುಂಚೆ ಸ್ವಲ್ಪ ಕಾಲ ಅಲ್ಲೇ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದವಳು. ಗಾದಿಲಿಂಗಪ್ಪ ಆಗ ಸೈಕಲ್ ಮೇಲೆ ಹಳ್ಳಿಹಳ್ಳಿ ತಿರುಗಿ ಭಾಷಣ ಮಾಡುತ್ತಿದ್ದ ಹುಡುಗ. ದನಿ ಚೆನ್ನಾಗಿತ್ತು. ಆ ದನಿ ನಂಬಿಯೇ ಅವಳು ಮದುವೆಗೆ ಒಪ್ಪಿದ್ದು. ಕುರುಗೋಡು ಕ್ಷೇತ್ರ ಇದ್ದಷ್ಟು ಕಾಲ ಅವರು ಎರಡು ಸಲ ಶಾಸಕರಾದರು. ಮರುವಿಂಗಡಣೆಯಲ್ಲಿ ಆ ಕ್ಷೇತ್ರವೇ ಹೋದ ಮೇಲೆ ವಿಧಾನ ಪರಿಷತ್ತು ಸೇರಿದರು. ನಡುವೆ ಕೆಲಕಾಲ ಮಂತ್ರಿಯೂ ಆಗಿದ್ದರು. ಯಾವ ಖಾತೆ ಎಂದು ಯಾರಾದರೂ ಕೇಳಿದರೆ ಅವರೇ ಒಂದು ಗಳಿಗೆ ಯೋಚಿಸಬೇಕಾಗುತ್ತಿತ್ತು.

ಒಂದು ವರ್ಷ ಹೊಳೆ ಉಕ್ಕಿ ಸಿರುಗುಪ್ಪ ಕಡೆಯ ಊರುಗಳಿಗೆ ನೀರು ನುಗ್ಗಿತ್ತು. ಗಾದಿಲಿಂಗಪ್ಪನವರು ಹರಿಗೋಲಿನಲ್ಲಿ ಹೋಗಿ ಜ್ವರ ಬಂದ ಮುದುಕಿಯೊಬ್ಬಳನ್ನು ದಡಕ್ಕೆ ಕರೆತಂದರು. ಮರುದಿನ ಪತ್ರಿಕೆಯಲ್ಲಿ ಫೋಟೋ ನೋಡಿ ಶಿವಬಸಮ್ಮನ ಎದೆ ತುಂಬಿ ಬಂದಿತ್ತು. ತಾನು ನಂಬಿದ ಹುಡುಗ ಇನ್ನೂ ಒಳಗೆ ಇದ್ದಾನೆ ಅಂದುಕೊಂಡಳು. ವಾರ ಕಳೆದ ಮೇಲೆ ಕಾರಿನ ಡ್ರೈವರು, ಅದೊಂದು ಜಾಣತನ ಎಂಬಂತೆ ನಗುತ್ತ ಹೇಳಿದ: ಮೊದಲ ಸಲ ದಡ ಮುಟ್ಟಿದಾಗ ಫೋಟೋದವನು ಬಂದಿರಲಿಲ್ಲವಂತೆ. ಅವನು ಬಂದ ಮೇಲೆ ಮುದುಕಿಯನ್ನು ಮತ್ತೆ ಹರಿಗೋಲಿಗೆ ಹತ್ತಿಸಿ, ನೀರಿನ ನಡುವೆ ಒಯ್ದು, ತಿರುಗಿ ದಡಕ್ಕೆ ತಂದು ಇಳಿಸಿದರಂತೆ. ಅಂದಿನಿಂದ ಶಿವಬಸಮ್ಮನಿಗೆ ಗಂಡನ ಮೇಲೆ ಸಿಟ್ಟು ಬರುವುದೇ ನಿಂತುಹೋಯಿತು. ಸಿಟ್ಟು ಮಾಡಿಕೊಳ್ಳಲು ಎದುರಿಗೆ ಒಬ್ಬ ಮನುಷ್ಯ ಇರಬೇಕು. ಇಲ್ಲಿ ಇದ್ದದ್ದು ಬರೀ ಅಂಗಿ, ಶಾಲು, ದನಿ. ಅವಳು ಅವಕ್ಕೆ ಹೊತ್ತುಹೊತ್ತಿಗೆ ಊಟಕ್ಕೆ ಇಡುತ್ತ ಬಂದಳು.

ಈಗ ರಾಜಕೀಯ ಬಿಡುವ ಮನಸ್ಸು ಗಾದಿಲಿಂಗಪ್ಪನವರಿಗೆ ಎಳ್ಳಷ್ಟೂ ಇರಲಿಲ್ಲ. ಆದದ್ದಿಷ್ಟೆ: ಈ ಸಲದ ಪರಿಷತ್ ಟಿಕೆಟ್ಟು ಶರಣ ಎಂಬ ಕಲ್ಲುಕ್ವಾರಿ ಮಾಲೀಕನಿಗೆ ಹೋಗುತ್ತದೆಂಬ ಸುದ್ದಿ ಬೆಂಗಳೂರಿನಿಂದ ಬಂದಿತ್ತು. ಇವರ ಲೆಕ್ಕ ಹೀಗಿತ್ತು: ಪಕ್ಷದವರು ತೆಗೆಯುವ ಮೊದಲೇ ತಾನೇ ಬಿಡುತ್ತೇನೆಂದು ಘೋಷಿಸುವುದು, ಜನ ಬಂದು ಕಾಲು ಹಿಡಿಯುವುದು, ಅದನ್ನು ಟಿವಿಯಲ್ಲಿ ನೋಡಿ ಹೈಕಮಾಂಡು ಬೆದರುವುದು, ಆಗ ಜನರ ಒತ್ತಾಯಕ್ಕೆ ಮಣಿದೆ ಎನ್ನುತ್ತ ಟಿಕೆಟ್ಟು ತೆಗೆದುಕೊಳ್ಳುವುದು. ತಮಗಲ್ಲದಿದ್ದರೆ ಮಗ ಚನ್ನಬಸವರಾಜನಿಗಾದರೂ.

ಪತ್ರಕರ್ತರನ್ನು ಮನೆಗೇ ಕರೆಸಿದರು. ಬಂದವರಿಗೆಲ್ಲ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ಆಯಿತು. ಕನ್ನಡಕ ಸರಿಯಾದ ಹೊತ್ತಿಗೆ ಕಣ್ಣಿಂದ ಇಳಿಯಿತು. ಎಲ್ಲರೂ ಗಂಭೀರವಾಗಿ ಬರೆದುಕೊಂಡರು. ಮಿರ್ಚಿಯ ಎಣ್ಣೆಯನ್ನು ಕಾಗದಕ್ಕೆ ಒರೆಸಿಕೊಳ್ಳುತ್ತ ಒಬ್ಬ ಕೇಳಿದ: "ಸರ್, ನಿಮ್ಮ ಜೀವನದಾಗ ಇದೊಂದು ಮಾಡಿದೆ ಅಂತ ತೃಪ್ತಿ ಕೊಟ್ಟ ಕೆಲಸ ಯಾವುದ್ರಿ?"

ಗಾದಿಲಿಂಗಪ್ಪನವರು ಒಂದು ಗಳಿಗೆ ಕಣ್ಣು ಮುಚ್ಚಿದರು. "ಸಿರಿಗೇರಿ ಆಚೆ ಕ್ಯಾಂಪಿನಲ್ಲಿ ಹೆರಿಗೆ ಆಸ್ಪತ್ರೆ ಕಟ್ಟಿಸಿದೆನಲ್ಲ, ಅದು. ಒಬ್ಬ ತಾಯಿ ಮಗುವನ್ನು ಎತ್ತಿಕೊಂಡು ನಕ್ಕರೆ ನನಗೆ ಅದೇ ಪ್ರಶಸ್ತಿ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಶಿವಬಸಮ್ಮ ಕೈಯಲ್ಲಿದ್ದ ಚಹಾದ ತಟ್ಟೆಯನ್ನು ಹಾಗೇ ಕಟ್ಟೆಯ ಮೇಲಿಟ್ಟಳು.

ಆ ಆಸ್ಪತ್ರೆ ಅವಳಿಗೆ ಗೊತ್ತು. ಕ್ಯಾಂಪೆಂದರೆ ಕಾಲುವೆ ಬಯಲಿನಲ್ಲಿ ಗದ್ದೆ ಮಾಡಲು ಬಂದು ನೆಲೆಸಿದವರ ಸಣ್ಣ ಊರು. ರಿಬ್ಬನ್ ಕತ್ತರಿಸಿದ ದಿನ ಅಲ್ಲಿ ಒಬ್ಬ ಡಾಕ್ಟರಿದ್ದ. ಅವನನ್ನು ಆ ದಿನದ ಮಟ್ಟಿಗೆ ಬೇರೆ ಊರಿನಿಂದ ಕರೆತಂದಿದ್ದರು. ಆಮೇಲೆ ಯಾರೂ ಬರಲಿಲ್ಲ. ಕಟ್ಟಡಕ್ಕೆ ಕೀಲಿ ಬಿತ್ತು. ಪಕ್ಕದಲ್ಲೇ ಗಾದಿಲಿಂಗಪ್ಪನವರ ಸೋದರಳಿಯನ ರೈಸ್ ಮಿಲ್ಲು. ಖಾಲಿ ಬಿದ್ದ ಕಟ್ಟಡ ಯಾಕೆ ಸುಮ್ಮನೆ ಎಂದು ಅವನು ನೆಲ್ಲಿನ ಚೀಲ ತಂದು ಒಟ್ಟಿದ.

ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಆ ಕ್ಯಾಂಪಿನಿಂದ ಗಾದೆಮ್ಮ ಎಂಬ ಹೆಂಗಸು ಗಾಂಧಿನಗರದ ಮನೆಗೆ ಬಂದು ಮೆಟ್ಟಿಲ ಮೇಲೆ ಕುಳಿತಿದ್ದಳು. ಗದ್ದೆ ಕೂಲಿಯವಳು. ಸಾಹೇಬರು ಇನ್ನೂ ಎದ್ದಿರಲಿಲ್ಲ. ಶಿವಬಸಮ್ಮ ನೀರು ಕೊಟ್ಟು ಏನಮ್ಮ ಎಂದು ಕೇಳಿದಾಗ, ಅವಳು ಅಳದೆ ಹೇಳಿದಳು.

"ನನ್ನ ಮಗಳು ಮೀನಾಗೆ ಹೆರಿಗಿ ಬ್ಯಾನಿ ಬಂತಮ್ಮಾ. ನಮ್ಮೂರಾಗ ದವಾಖಾನಿ ಐತಲ್ಲ ಅಂತ ಆಟೋದಾಗ ಒಯ್ದೆ. ಕೀಲಿ ಹಾಕಿತ್ತು. ಬಾಗಲಾ ಬಡದೆ, ಯಾರೂ ಬರ್ಲಿಲ್ಲ. ಕಿಡಿಕ್ಯಾಗ ಹಣಿಕಿ ನೋಡಿದ್ರ ನೆಲ್ಲಿನ ಚೀಲ. ಮಿಲ್ಲಿನ ಮಂದಿ ಸಿರುಗುಪ್ಪಕ್ಕ ಹೋಗ್ರಿ ಅಂದ್ರು. ದಾರ್ಯಾಗ ಹೋಗಿಬಿಟ್ಳು. ಕೂಸೂ ಹೋತು."

ನೀರಿನ ಲೋಟ ಕೆಳಗಿಟ್ಟು ಮತ್ತೆ ಹೇಳಿದಳು: "ಚೀಲ ಒಳಗ ಇದ್ವಮ್ಮಾ. ನನ್ನ ಮಗಳು ಹೊರಗ ಇದ್ಳು."

ಗಾದಿಲಿಂಗಪ್ಪನವರು ಮರುದಿನವೇ ಕ್ಯಾಂಪಿಗೆ ಹೋಗಿ ಗಾದೆಮ್ಮನ ಹೆಗಲ ಮೇಲೆ ಕೈಯಿಟ್ಟು ನಿಂತರು. ಫೋಟೋ ಚೆನ್ನಾಗಿ ಬಂದಿತ್ತು. ಕೀಲಿ ಮಾತ್ರ ಇದ್ದ ಹಾಗೇ ಇತ್ತು. ಶಿವಬಸಮ್ಮ ಕೇಳಿದಾಗ, "ಡಾಕ್ಟರು ಹಳ್ಳಿಗೆ ಬರಂಗಿಲ್ಲ ಅಂದ್ರ ನಾನೇನು ಹೋಗಿ ಸೂಜಿ ಚುಚ್ಚಲೇನು?" ಎಂದಿದ್ದರು.

"ಡಾಕ್ಟರು ಬರಂಗಿಲ್ಲ, ಖರೆ. ನೆಲ್ಲು ಹೆಂಗ ಬಂತ್ರಿ?"

ಅವರು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿದ್ದರು.

ಪತ್ರಕರ್ತರು ಎದ್ದು ಹೋದ ಮೇಲೆ ಎರ್ರಣ್ಣ ಬಂದ. ಸಿರುಗುಪ್ಪದವನು. ಸಾಹೇಬರ ಸಭೆಗಳಿಗೆಲ್ಲ ಜನ ಕೂಡಿಸುವುದೇ ಅವನ ಕಸುಬು. ಭಾನುವಾರ ಕುರುಗೋಡಿನ ಎಪಿಎಂಸಿ ಅಂಗಳದಲ್ಲಿ ಸಭೆ ಎಂದು ಗೊತ್ತುಮಾಡಿಕೊಂಡೇ ಬಂದಿದ್ದ.

"ಮಂದಿ 'ಬಿಡಬ್ಯಾಡ್ರಿ, ಬಿಡಬ್ಯಾಡ್ರಿ' ಅಂತ ಒದರ್ತಾರ್ರಿ. ನೀವು 'ಇಲ್ಲಪ್ಪ, ನಿರ್ಧಾರ ಆಗೈತಿ' ಅನ್ರಿ. ಅವಾಗ ನಮ್ಮ ಹುಡುಗ ಅಂಜಿನಿ ಎದ್ದು ಮೈಮ್ಯಾಲ ಡೀಸೆಲ್ ಸುರುವಿಕೊಳ್ಳಾಕ ಹೋಗ್ತಾನ."

ಗಾದಿಲಿಂಗಪ್ಪನವರು ಬೆಚ್ಚಿದರು. "ಡೀಸೆಲ್ ಏನ್ಲೇ? ಹೆಚ್ಚುಕಮ್ಮಿ ಆದ್ರ ನನ್ನ ಹೆಸರು ಕೆಡ್ತೈತಿ."

"ನೀರ್ರಿ ಸಾಹೇಬ್ರ. ಕ್ಯಾನು ಅಷ್ಟ ಡೀಸೆಲ್‌ದು. ತೊಳದು ನೀರು ತುಂಬಿರ್ತೀನಿ."

"ಟಿವಿಯವ್ರಿಗೆ ಕಾಣೂ ಹಂಗ ನಿಲ್ಲಸು."

"ಸ್ಟೇಜಿನ ಮುಂದ ನಿಲ್ಲಸ್ತೀನ್ರಿ. ನೀವು ಇಳದು ಓಡಿ ಬಂದು ಕ್ಯಾನು ಕಸಗೊಳ್ರಿ. ಅಪ್ಪಿಕೊಳ್ರಿ. ಅಲ್ಲೇ 'ಆತು, ಬಿಡಂಗಿಲ್ಲ' ಅಂತ ಅನ್ರಿ. ಮುಗೀತು." ಆಮೇಲೆ ಶಿವಬಸಮ್ಮನ ಕಡೆ ತಿರುಗಿದ. "ಅಮ್ಮಾರ, ನೀವೂ ಎರಡು ಮಾತಾಡಬೇಕ್ರಿ. 'ಇವರು ಜನ ಬಿಟ್ಟು ಬದುಕಂಗಿಲ್ಲ' ಅಂತ ಅಂದು ಸೆರಗು ಕಣ್ಣಿಗೆ ಹಚ್ಚಿಕೊಂಡು ಕುಂತ್ರ ಸಾಕು."

"ಯಾವ ಕಣ್ಣಿಗೆ ಹಚ್ಕೊಳ್ಳಲಿ?"

ಎರ್ರಣ್ಣ ನಗಲಿಲ್ಲ. ನಿಜವಾಗಿಯೂ ಯೋಚಿಸಿ ಹೇಳಿದ: "ಕ್ಯಾಮೆರಾ ಎಡಕ್ಕ ಇರ್ತಾವ್ರಿ. ಬಲಗಣ್ಣಿಗೆ ಹಚ್ಕೊಂಡ್ರ ಮಾರಿ ಮುಚ್ಚಂಗಿಲ್ಲ."

ಶಿವಬಸಮ್ಮ ಅವನನ್ನೇ ನೋಡಿದಳು. ಒಂದು ಕೆಲಸವನ್ನು ಇಷ್ಟು ಶ್ರದ್ಧೆಯಿಂದ ಮಾಡುವವನು ಈ ಮನೆಯಲ್ಲಿ ಇವನೊಬ್ಬನೇ ಎಂದುಕೊಂಡಳು. ಮಾಡುತ್ತಿದ್ದ ಕೆಲಸ ಇದು ಎಂಬುದಷ್ಟೇ ಅಸಹ್ಯ.

ಭಾನುವಾರ ಬಿಸಿಲು ಬೆಳಿಗ್ಗೆಯೇ ಏರಿತ್ತು. ಹತ್ತಾರು ಕಾರುಗಳು ಬಳ್ಳಾರಿ ಬಿಟ್ಟು ಕುರುಗೋಡಿಗೆ ಬಂದು, ಮೊದಲು ದೊಡ್ಡಬಸವೇಶ್ವರ ಗುಡಿಯ ಮುಂದೆ ನಿಂತವು. ಗಾದಿಲಿಂಗಪ್ಪನವರು ಬಸವಣ್ಣನ ಮುಂದೆ ಕೈಮುಗಿದು ನಿಂತರು. ಕ್ಯಾಮೆರಾದವನು, "ಸರ್, ಇನ್ನೊಂದು ಸಲ, ಸ್ವಲ್ಪ ಈ ಕಡಿ" ಎಂದಾಗ ಮತ್ತೊಮ್ಮೆ ಮುಗಿದರು. ಶಿವಬಸಮ್ಮ ಚಿಕ್ಕಂದಿನಿಂದ ಬಲ್ಲ ಗುಡಿ ಅದು. ಅವಳು ಕೈಮುಗಿಯದೆ ಹೊರಗೇ ನಿಂತಳು. ಈ ಗುಂಪಿನಲ್ಲಿ ಮುಗಿದ ಕೈ ಯಾರ ಲೆಕ್ಕಕ್ಕೂ ಸೇರುವುದಿಲ್ಲ ಅನ್ನಿಸಿತು.

ಎಪಿಎಂಸಿ ಅಂಗಳದಲ್ಲಿ ಪೆಂಡಾಲು ಹಾಕಿದ್ದರು. ಸಿರಿಗೇರಿ ಕಡೆಯಿಂದ, ಸುತ್ತಲ ಕ್ಯಾಂಪುಗಳಿಂದ ಟ್ರ್ಯಾಕ್ಟರುಗಳಲ್ಲಿ ಹೆಂಗಸರನ್ನು ತುಂಬಿಕೊಂಡು ಬಂದಿದ್ದರು. ಪೆಂಡಾಲಿನ ಹಿಂದೆ ಗೋಧಿ ಹುಗ್ಗಿ ಕುದಿಯುತ್ತಿತ್ತು. ಬೆಲ್ಲದ ವಾಸನೆ ಭಾಷಣಗಳ ಮೇಲಿಂದ ಹಾದು ಬರುತ್ತಿತ್ತು. ಜನ ವೇದಿಕೆಯ ಕಡೆ ಮುಖ ಮಾಡಿ ಕುಳಿತಿದ್ದರೂ ಮೂಗು ಹಿಂದಕ್ಕೆ ತಿರುಗಿತ್ತು.

ಒಬ್ಬರಾದ ಮೇಲೊಬ್ಬರು ಎದ್ದು ಹೊಗಳಿದರು. ಒಬ್ಬ ಇವರನ್ನು ಈ ಭಾಗದ ಬಸವಣ್ಣ ಎಂದ. ಇನ್ನೊಬ್ಬ ಅದು ಸಾಲದೆಂದು ಭಗೀರಥ ಎಂದ. ಕಾಲುವೆಯ ನೀರು ತಮ್ಮ ಊರಿಗೆ ಇನ್ನೂ ಬಂದಿಲ್ಲ ಎಂಬುದು ಅವನಿಗೆ ಆ ಕ್ಷಣ ಮರೆತುಹೋಗಿತ್ತು. ಎರ್ರಣ್ಣ ಕೈ ಎತ್ತಿದಾಗಲೆಲ್ಲ ಮುಂದಿನ ಸಾಲಿನವರು "ಬಿಡಬ್ಯಾಡ್ರಿ" ಎಂದು ಕೂಗಿದರು. ಗಾದಿಲಿಂಗಪ್ಪನವರು ತಲೆ ತಗ್ಗಿಸಿ, ಇಲ್ಲ ಇಲ್ಲ ಎಂಬಂತೆ ಕೈ ಆಡಿಸಿದರು. ವೇದಿಕೆಯ ಮುಂದೆ ಅಂಜಿನಿ ಕ್ಯಾನು ಹಿಡಿದುಕೊಂಡು ಬಿಸಿಲಲ್ಲಿ ನಿಂತಿದ್ದ. ಪೆಂಡಾಲಿನ ನೆರಳು ಅವನವರೆಗೆ ಬರುತ್ತಿರಲಿಲ್ಲ. ಬೆವರು ಒರೆಸಿ ಒರೆಸಿ ಅವನ ಟವೆಲು ತೊಯ್ದುಹೋಗಿತ್ತು.

"ಈಗ ಸಾಹೇಬ್ರ ಉಪಕಾರ ಉಂಡ ಒಬ್ಬ ತಾಯಿ ಮಾತಾಡ್ತಾರ," ಎಂದ ಎರ್ರಣ್ಣ ಮೈಕಿನಲ್ಲಿ.

ಮೆಟ್ಟಿಲು ಹತ್ತಿ ಬಂದವಳು ಗಾದೆಮ್ಮ. ಹೊಸ ಸೀರೆ ಉಟ್ಟಿದ್ದಳು. ಅದರ ಮಡಿಕೆ ಗೆರೆಗಳು ಇನ್ನೂ ಹೋಗಿರಲಿಲ್ಲ. ಯಾರು ಕೊಟ್ಟದ್ದೆಂದು ಕೇಳಬೇಕಾಗಿರಲಿಲ್ಲ. ಶಿವಬಸಮ್ಮ ಕುರ್ಚಿಯ ತೋಳು ಹಿಡಿದುಕೊಂಡಳು. ಗಂಡನ ಕಡೆ ನೋಡಿದಳು. ಅವರು ಗಾದೆಮ್ಮನನ್ನು ನೋಡಿ ಮುಗುಳ್ನಗುತ್ತಿದ್ದರು. ಅವರಿಗೆ ಅವಳ ಗುರುತು ಹತ್ತಿರಲಿಲ್ಲ.

ಗಾದೆಮ್ಮ ಮೈಕಿನ ಮುಂದೆ ನಿಂತು, ಬಾಯಿಪಾಠ ಒಪ್ಪಿಸುವ ಮಕ್ಕಳ ಹಾಗೆ ಒಂದೇ ಉಸಿರಿನಲ್ಲಿ ಹೇಳಿದಳು. "ಸಾಹೇಬ್ರು ನಮ್ಮ ಕ್ಯಾಂಪಿಗೆ ದವಾಖಾನಿ ಕೊಟ್ಟಾರ. ನಮ್ಮ ಹೆಣಮಕ್ಕಳ ಜೀವ ಉಳಿಸ್ಯಾರ. ಸಾಹೇಬ್ರು ನಮ್ಮನ್ನ ಬಿಟ್ಟು ಹೋಗಬಾರ್ದು."

ಚಪ್ಪಾಳೆ ಬಿತ್ತು. ಅವಳು ಇಳಿಯಲಿಲ್ಲ. ಸುತ್ತ ನೋಡುತ್ತ ನೋಡುತ್ತ ಅವಳ ಕಣ್ಣಿಗೆ ಶಿವಬಸಮ್ಮ ಬಿದ್ದಳು. ಗುರುತು ಹಿಡಿದಳು. ಮೈಕು ಇನ್ನೂ ಬಾಯಿಯ ಹತ್ತಿರವೇ ಇತ್ತು.

"ಅಮ್ಮಾ," ಎಂದಳು. ಅಂಗಳಕ್ಕೆಲ್ಲ ಕೇಳಿಸಿತು. "ನಾ ಹೇಳಿದ್ದು ಸರಿ ಐತಾ?"

ಕೆಲವರು ನಕ್ಕರು. ಎರ್ರಣ್ಣ ಅವಸರದಿಂದ ಅವಳ ಮೊಣಕೈ ಹಿಡಿದು ಇಳಿಸಿ, "ಈಗ ಅಮ್ಮಾರು ಎರಡು ಮಾತು" ಎಂದು ಮೈಕನ್ನು ಶಿವಬಸಮ್ಮನ ಕೈಗೆ ಕೊಟ್ಟ.

ಅವಳು ಎದ್ದಳು. ಏನು ಹೇಳಬೇಕೆಂದು ಮುಂಚೆ ಯೋಚಿಸಿರಲಿಲ್ಲ. ಬರುವಾಗ ಕಾರಿನಲ್ಲಿ, ಹೇಳಿಕೊಟ್ಟದ್ದನ್ನೇ ಹೇಳಿ ಕುಳಿತರಾಯಿತು, ಇಂಥವು ಎಷ್ಟೋ ಆಗಿವೆ ಎಂದುಕೊಂಡೇ ಬಂದಿದ್ದಳು. ಈಗ ಗಂಡನ ಮುಖ ನೋಡಿದಳು. ಅವರು ಕನ್ನಡಕದ ಕಡ್ಡಿಗೆ ಆಗಲೇ ಬೆರಳು ಹಾಕಿ ತಯಾರಾಗಿದ್ದರು.

"ಇವರು ರಾಜಕೀಯ ಬಿಡ್ತೀನಿ ಅಂದಾರ," ಎಂದಳು ಶಿವಬಸಮ್ಮ. "ಬಿಡ್ಲಿ ಬಿಡ್ರಿ."

ಮುಂದಿನ ಸಾಲಿನವರು ಅಭ್ಯಾಸಬಲದಿಂದ "ಬಿಡಬ್ಯಾಡ್ರಿ" ಎನ್ನಲು ಬಾಯಿ ತೆರೆದು, ಎರ್ರಣ್ಣನ ಕೈ ನೋಡಿದರು. ಕೈ ಮೇಲೆದ್ದಿರಲಿಲ್ಲ.

"ಆ ಕ್ಯಾಂಪಿನ ದವಾಖಾನ್ಯಾಗ ಡಾಕ್ಟರಿಲ್ಲ. ನೆಲ್ಲಿನ ಚೀಲ ಅದಾವ. ಇವರ ಅಳಿಯಂದು. ಈಗ ಮಾತಾಡಿದ್ಲಲ್ಲ ಗಾದೆಮ್ಮ, ಅಕಿ ಮಗಳು ಆ ಬಾಗಲ ಮುಂದ ಬ್ಯಾನಿ ತಿಂದು, ದಾರ್ಯಾಗ ಸತ್ಲು. ಇವರು ಅಕೀನ್ನ ಗುರುತು ಸೈತ ಹಿಡೀಲಿಲ್ಲ. ನೋಡ್ರಿ, ಈಗ ಹಿಡಿಯಾಕ ಹತ್ಯಾರ."

ಗಾದಿಲಿಂಗಪ್ಪನವರು ನಿಜವಾಗಿಯೂ ಆಗ ಕೆಳಗೆ ಗಾದೆಮ್ಮನ ಕಡೆ ಬಗ್ಗಿ ನೋಡುತ್ತಿದ್ದರು. ಜನ ನಕ್ಕರು. ಈ ಸಲದ ನಗು ಬೇರೆ ತರಹದ್ದಾಗಿತ್ತು.

"ಇವರು ಭಾಳ ಮಾತು ಕೊಟ್ಟಾರ, ಒಂದೂ ನಡಿಸಿಲ್ಲ. ಇದೊಂದು ನಡಿಸ್ಲಿ. ಯಾರೂ ಬ್ಯಾಡ ಅನಬ್ಯಾಡ್ರಿ. ಬಿಸಿಲು ಐತಿ, ಅಡಿಗಿ ಆಗೈತಿ. ಉಂಡು ಮನಿಗೆ ಹೋಗ್ರಿ."

ಅವಳು ಮೈಕನ್ನು ಮೇಜಿನ ಮೇಲಿಟ್ಟು ಕುಳಿತಳು. ಸೆರಗನ್ನು ಯಾವ ಕಣ್ಣಿಗೂ ಹಚ್ಚಲಿಲ್ಲ.

ಹಿಂದಿನ ಸಾಲಿನಲ್ಲಿ ಒಬ್ಬಳು ಮುದುಕಿ ಮೊಣಕಾಲಿಗೆ ಕೈಕೊಟ್ಟು ಎದ್ದಳು. ಅವಳನ್ನು ನೋಡಿ ಪಕ್ಕದವರು ಎದ್ದರು. ಊಟ ಎಂಬ ಮಾತು ಒಮ್ಮೆ ಮೈಕಿನಲ್ಲಿ ಬಂದ ಮೇಲೆ ಇನ್ನು ಯಾರನ್ನೂ ಹಿಡಿದು ಕೂರಿಸುವ ಹಾಗಿರಲಿಲ್ಲ. ಎರ್ರಣ್ಣ ಮೈಕು ಕಸಿದುಕೊಂಡು, "ಕುಂದುರ್ರಿ, ಕುಂದುರ್ರಿ, ಸಾಹೇಬ್ರು ಮಾತಾಡ್ತಾರ" ಎಂದು ಅರಚಿದ. ಕುರ್ಚಿಗಳು ಸರಿಯುವ ಸದ್ದಿನಲ್ಲಿ ಅದು ಮುಳುಗಿತು. ಆಮೇಲೆ ಅವನಿಗೆ ಕೊನೆಯ ಉಪಾಯ ನೆನಪಾಗಿ, ವೇದಿಕೆಯ ಅಂಚಿಗೆ ಓಡಿ, "ಲೇ ಅಂಜಿನಿ! ಲೇ!" ಎಂದು ಕೈಬೀಸಿದ.

ಅಂಜಿನಿ ತಲೆ ಎತ್ತಿದ. ಇಷ್ಟು ಹೊತ್ತು ಬಿಸಿಲಲ್ಲಿ ನಿಂತು ಅವನ ಗಂಟಲು ಒಣಗಿಹೋಗಿತ್ತು. ತನ್ನ ಕೆಲಸ ಮುಗಿಯಿತೆಂದೇ ತಿಳಿದಿದ್ದ ಅವನು ಕ್ಯಾನಿನ ಮುಚ್ಚಳ ತೆಗೆದು, ಎಲ್ಲ ಕ್ಯಾಮೆರಾಗಳ ಎದುರಿಗೆ, ಕ್ಯಾನೆತ್ತಿ ಗಟಗಟ ಕುಡಿಯುತ್ತಿದ್ದ.

ಮಧ್ಯಾಹ್ನದ ಹೊತ್ತಿಗೆ ಆ ದೃಶ್ಯ ಜಿಲ್ಲೆಯ ಎಲ್ಲ ಮೊಬೈಲುಗಳನ್ನೂ ಸುತ್ತಿ ಬಂದಿತ್ತು. ಅದರ ಹಿಂದೆಯೇ "ಬಿಡ್ಲಿ ಬಿಡ್ರಿ."

ಬಳ್ಳಾರಿಗೆ ತಿರುಗಿ ಬರುವಾಗ ಕಾರನ್ನು ಮಗನೇ ಓಡಿಸುತ್ತಿದ್ದ. ಕೋಳೂರು ದಾಟಿತು. ಆಗ ಬೆಂಗಳೂರಿನಿಂದ ಫೋನು ಬಂತು. ಗಾದಿಲಿಂಗಪ್ಪನವರು "ಹೌದ್ರಿ, ಹೌದ್ರಿ, ಇಲ್ಲ, ಅದು ಹಂಗಲ್ರಿ" ಎಂದರು. ಆಮೇಲೆ ಸುಮ್ಮನೆ ಕೇಳಿಸಿಕೊಂಡರು. ಅವರ ದೊಡ್ಡ ಮನಸ್ಸಿನ ನಿರ್ಧಾರವನ್ನು ಪಕ್ಷ ಗೌರವದಿಂದ ಒಪ್ಪಿಕೊಂಡಿದೆಯಂತೆ. ಅವರ ಸೇವೆಯನ್ನು ಎಂದೂ ಮರೆಯುವುದಿಲ್ಲವಂತೆ. ಪಕ್ಷದ ಪ್ರಕಟಣೆಯೂ ಹೊರಬಿದ್ದಿತ್ತು. ಅದರಲ್ಲಿ ಅವರ ಹೆಸರಿನ ಒಂದಕ್ಷರ ತಪ್ಪಿತ್ತು.

ಫೋನು ಇಟ್ಟರು. ಆಮೇಲೆ ಹೆಂಡತಿಯ ಕಡೆ ತಿರುಗಿದರು. "ನಾ ನಿನಗ ಏನು ಮಾಡಿದ್ನೆ?"

"ನೀವು ಏನೂ ಮಾಡ್ಲಿಲ್ರಿ," ಎಂದಳು. "ಯಾರಿಗೂ ಏನೂ ಮಾಡ್ಲಿಲ್ಲ."

"ಅವ್ವಾ, ನೀ ನನ್ನ ಬಾಳೂ ಹಾಳು ಮಾಡಿದಿ," ಎಂದ ಚನ್ನಬಸವರಾಜ, ರಸ್ತೆಯಿಂದ ಕಣ್ಣು ತೆಗೆಯದೆ. "ಟಿಕೆಟ್ ನನಗ ಬರ್ತಿತ್ತು."

"ಬಂದಿದ್ರ ಏನು ಮಾಡ್ತಿದ್ದೆಪ್ಪ?"

ಅವನು ಮುಂದಿನ ಲಾರಿಗೆ ಬಹಳ ಹೊತ್ತು ಹಾರ್ನ್ ಹೊಡೆದ. ತನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗನ ಮೇಲೂ, ಗಂಡನ ಮೇಲೆ ಹೇಗೋ ಹಾಗೆಯೇ, ತನಗೆ ಸಿಟ್ಟು ಕೂಡ ಬರುತ್ತಿಲ್ಲವೆಂದು ಶಿವಬಸಮ್ಮನಿಗೆ ಅಂದು ಗೊತ್ತಾಯಿತು. ಅದು ಮಾತ್ರ ಅವಳಿಗೆ ನೋವು ಕೊಟ್ಟಿತು.

ಟಿಕೆಟ್ಟು ಶರಣನಿಗೇ ಆಯಿತು. ಚನ್ನಬಸವರಾಜ ವಾರ ತಡೆದು ಅವನ ಹಿಂದೆಯೇ ಓಡಾಡತೊಡಗಿದ. ಗಾಂಧಿನಗರದ ಮನೆಯ ಮುಂದೆ ಕಾರು ನಿಲ್ಲುವುದು ನಿಂತಿತು. ಎರ್ರಣ್ಣ ಮೊದಮೊದಲು ಫೋನು ಮಾಡುತ್ತಿದ್ದ, ಆಮೇಲೆ ಅದೂ ಇಲ್ಲ. ಗಾದಿಲಿಂಗಪ್ಪನವರು ದಿನವೂ ಬೆಳಿಗ್ಗೆ ಬಿಳಿ ಅಂಗಿ ತೊಟ್ಟು ಪಡಸಾಲೆಯಲ್ಲಿ ಕುಳಿತು, ಗೇಟಿನ ಸದ್ದಾದರೆ ಮೈ ಸರಿಮಾಡಿಕೊಳ್ಳುತ್ತಿದ್ದರು. ಹಾಲಿನವನು ಬಂದಿರುತ್ತಿದ್ದ. ಹೆಂಡತಿಯ ಜೊತೆ ಮಾತು ಬಿಟ್ಟಿದ್ದರು. ಅವಳಿಗೆ ಅದರಿಂದ ಕೊರತೆಯೇನೂ ಕಾಣಲಿಲ್ಲ.

ಒಂದು ದಿನ ಶರಣ ಬಂದ. ಹೂವಿನ ಹಾರ, ಹಣ್ಣಿನ ಬುಟ್ಟಿ, ಹಿಂದೆ ನಾಲ್ಕು ಜನ, ಒಬ್ಬ ಫೋಟೋದವನು. ಕಾಲಿಗೆ ಬಿದ್ದು, "ನೀವು ನಮಗ ದಾರಿ ಬಿಟ್ಟುಕೊಟ್ಟ ದೊಡ್ಡವರು, ಆಶೀರ್ವಾದ ಮಾಡ್ರಿ" ಎಂದ. ತಮ್ಮ ಕುತ್ತಿಗೆ ಕುಯ್ದವನೇ ಇವನು ಎಂಬುದು ಗಾದಿಲಿಂಗಪ್ಪನವರಿಗೆ ಗೊತ್ತಿತ್ತು. ಆದರೂ ಫೋಟೋದವನನ್ನು ಕಂಡದ್ದೇ ಅವರ ಮುಖ ಬೆಳಗಿತು. ಎರಡೂ ಕೈ ಅವನ ತಲೆಯ ಮೇಲಿಟ್ಟು, ಅಷ್ಟು ದಿನದಿಂದ ಬಳಸದ ಆ ಒಳ್ಳೆಯ ದನಿ ತೆಗೆದು, "ಬಡವರನ್ನು ಮರೀಬ್ಯಾಡಪ್ಪ" ಎಂದರು.

"ನಿಮ್ಮ ಹೆಸರು ಉಳಿಬೇಕ್ರಿ ಸಾಹೇಬ್ರ," ಎಂದ ಶರಣ. "ಗೆದ್ದಮ್ಯಾಲ ನಿಮ್ಮದೊಂದು ಮೂರ್ತಿ ಮಾಡಸ್ತೀನಿ."

"ಕುಂತದ್ದೋ, ನಿಂತದ್ದೋ?" ಎಂದು ಕೇಳಿದರು ಗಾದಿಲಿಂಗಪ್ಪನವರು ತಟ್ಟನೆ.

ಅಡುಗೆಮನೆಯಲ್ಲಿ ಶಿವಬಸಮ್ಮ ಚಹಾ ಸೋಸುತ್ತಿದ್ದಳು. ಪಡಸಾಲೆಯಲ್ಲಿ ಇಬ್ಬರೂ ಮೂರ್ತಿಯ ಕೈ ಮೇಲೆತ್ತಿರಬೇಕೋ ಮುಗಿದಿರಬೇಕೋ ಎಂದು ಚರ್ಚಿಸುವುದನ್ನು ಕೇಳುತ್ತ ನಿಂತಳು. ಶರಣನ ದನಿ ಅಷ್ಟೇನೂ ಚೆನ್ನಾಗಿರಲಿಲ್ಲ. ಕಲಿತುಕೊಳ್ಳುತ್ತಾನೆ ಅಂದುಕೊಂಡಳು. ಸ್ವಲ್ಪ ಹೊತ್ತಿಗೆ ಅವನು ಒಳಗೆ ಬಂದು, "ಅಮ್ಮಾರ, ಪ್ರಚಾರಕ್ಕ ನೀವೂ ಒಂದಿನ ಬರಬೇಕ್ರಿ. ನಿಮ್ಮ ಮಾತಿಗೆ ಈಗ ಭಾಳ ಬೆಲಿ ಐತಿ" ಎಂದ.

"ನಾ ಬಂದ್ರ ನೀ ಸೋಲ್ತಿಯಪ್ಪ," ಎಂದಳು. ಅವನು ಜೋರಾಗಿ ನಕ್ಕು ಹೊರಗೆ ಹೋದ.

ಈ ನಡುವೆ ಸಿರಿಗೇರಿ ಆಚೆ ಒಂದು ಕೆಲಸ ತನ್ನಷ್ಟಕ್ಕೆ ಆಗಿಹೋಯಿತು. ಕುರುಗೋಡಿನ ಸಭೆಯಿಂದ ತಿರುಗಿ ಬಂದ ಹೆಂಗಸರು ಮಿಲ್ಲಿನ ಮುಂದೆ ಹೋಗಿ ಕುಳಿತುಬಿಟ್ಟರು. ತಾಲೂಕಿನ ಅಧಿಕಾರಿಯೊಬ್ಬ ಕಟ್ಟಡ ಖಾಲಿ ಮಾಡಿಸಲು ಹಿಂದೆ ಹೊರಟಾಗಲೆಲ್ಲ ಗಾಂಧಿನಗರದಿಂದ ಒಂದು ಫೋನು ಹೋಗುತ್ತಿತ್ತು, ಅವನು ಸುಮ್ಮನಾಗುತ್ತಿದ್ದ. ಈ ಸಲ ಸೋದರಳಿಯ ಓಡಿ ಬಂದು, "ಮಾವಾ, ಒಂದು ಫೋನ್ ಹೊಡಿರಿ" ಎಂದು ಅಂಗಲಾಚಿದ. ಗಾದಿಲಿಂಗಪ್ಪನವರು ಹೊಡೆದರು. ಮತ್ತೆ ಮತ್ತೆ ಹೊಡೆದರು. ಅಧಿಕಾರಿ ಎತ್ತಲಿಲ್ಲ. ನೆಲ್ಲಿನ ಚೀಲಗಳು ಟ್ರ್ಯಾಕ್ಟರು ಹತ್ತಿದವು. ಸಾಹೇಬರು ಅಧಿಕಾರದಲ್ಲಿದ್ದಷ್ಟು ಕಾಲ ಆಗದ ಕೆಲಸ ಅವರು ಅದರಿಂದ ಇಳಿದ ಕೂಡಲೇ ಆಯಿತು.

ಸುದ್ದಿ ಕೇಳಿ ಶಿವಬಸಮ್ಮ ಒಬ್ಬಳೇ ಬಸ್ಸು ಹಿಡಿದು ಹೋದಳು. ಸಿರಿಗೇರಿಯಲ್ಲಿ ಇಳಿದು ಆಟೋದಲ್ಲಿ ಕ್ಯಾಂಪಿಗೆ. ಗದ್ದೆಗಳಲ್ಲಿ ನಾಟಿ ನಡೆದಿತ್ತು. ಕಟ್ಟಡದ ಬಾಗಿಲು ತೆರೆದಿತ್ತು. ಒಳಗೆ ಎರಡು ಮಂಚ, ಒಂದು ಬಕೆಟು, ಬೇರೆ ಊರಿನಿಂದ ಹಾಕಿದ್ದ ಒಬ್ಬ ನರ್ಸಮ್ಮ. ಗೋಡೆಯ ಬುಡದಲ್ಲಿ ಹೆಗ್ಗಣದ ಬಿಲಗಳು. ಡಾಕ್ಟರು ವಾರಕ್ಕೊಮ್ಮೆ ಬರುತ್ತಾರೆಂದು ಹೇಳಿದ್ದರು, ಇನ್ನೂ ಬಂದಿರಲಿಲ್ಲ. ಒಂದು ಮಂಚದ ಮೇಲೆ ತುಂಬು ಬಸುರಿಯೊಬ್ಬಳು ಕಾಲು ಇಳಿಬಿಟ್ಟು ಕುಳಿತಿದ್ದಳು.

ಗಾದೆಮ್ಮ ಹೊರಗೆ ಕಟ್ಟೆಯ ಮೇಲಿದ್ದಳು. ಶಿವಬಸಮ್ಮ ಹೋಗಿ ಪಕ್ಕದಲ್ಲಿ ಕುಳಿತಳು.

"ಒಳಗ ಹೋಗಿದ್ದಿಯೇನು?"

"ಇಲ್ಲಮ್ಮಾ. ನೆಲ್ಲಿನ ವಾಸನಿ ಇನ್ನಾ ಹೋಗಿಲ್ಲ." ಗಾದೆಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಆವತ್ತು ಸ್ಟೇಜಿನ ಮ್ಯಾಲ ನೀವು ಅಂದ್ರಲ್ಲ, ಅದು ಅವತ್ತ ಅಂದಿದ್ರ ಆಗ್ತಿತ್ತು."

ಯಾವ ಅವತ್ತು ಎಂದು ಶಿವಬಸಮ್ಮ ಕೇಳಲಿಲ್ಲ; ಮನೆಯ ಮೆಟ್ಟಿಲ ಮೇಲಿನ ಆ ಬೆಳಿಗ್ಗೆ ಅವಳಿಗೂ ನೆನಪಿತ್ತು. ಆಟೋದವನು ಹಾರ್ನ್ ಹೊಡೆದ ಮೇಲೆ ಎದ್ದಳು. ಬಾಗಿಲ ಪಕ್ಕದಲ್ಲಿ ಉದ್ಘಾಟನೆಯ ಕಲ್ಲಿತ್ತು. ನರ್ಸಮ್ಮ ಬಂದು, "ಸುಣ್ಣ ಹೊಡಿಸಬೇಕಂತ ಮಾಡೀವ್ರಿ. ಈ ಕಲ್ಲಿನ ಮ್ಯಾಲೂ ಹೊಡಿಸಲೇನ್ರಿ?" ಎಂದು ಅಳುಕುತ್ತ ಕೇಳಿದಳು.

"ನನ್ನ ಯಾಕ ಕೇಳ್ತಿಯವ್ವ? ನಿಮ್ಮ ದವಾಖಾನಿ," ಎಂದು ಶಿವಬಸಮ್ಮ ಆಟೋ ಹತ್ತಿದಳು.

ಸಂಜೆ ಊಟಕ್ಕೆ ಬಡಿಸುವಾಗ ಗಾದಿಲಿಂಗಪ್ಪನವರು ಅವಳ ಜೊತೆ ಮಾತಾಡಿದರು. ಎಷ್ಟೋ ವಾರಗಳ ಮೇಲಿನ ಮೊದಲ ಮಾತು ಅದು.

"ಕ್ಯಾಂಪಿಗೆ ಹೋಗಿದ್ದಿಯಂತ?"

"ಹೂಂ."

ರೊಟ್ಟಿ ಮುರಿದು ಪುಂಡಿಪಲ್ಯದಲ್ಲಿ ಅದ್ದಿದರು, ತಿನ್ನಲಿಲ್ಲ. ನರ್ಸು ಬಂದಾಳೇನು, ಡಾಕ್ಟರು ಬಂದಾನೇನು, ಯಾರಿಗಾದರೂ ಹೆರಿಗೆ ಆಯಿತೇನು ಎಂದು ಕೇಳಬಹುದೇನೋ ಎಂದು ಶಿವಬಸಮ್ಮ ಬಟ್ಟಲು ಹಿಡಿದುಕೊಂಡು ಕಾದಳು. ಇಷ್ಟು ವರ್ಷದ ಮೇಲೂ ಒಂದು ಗಳಿಗೆ ಕಾಯುವಷ್ಟು ದಡ್ಡತನ ತನ್ನಲ್ಲಿ ಉಳಿದಿದೆಯಲ್ಲ ಎಂದು ಅವಳಿಗೇ ಆಶ್ಚರ್ಯವಾಯಿತು.

"ಅಲ್ಲಿ ಕಲ್ಲಿನ ಮ್ಯಾಲ ನನ್ನ ಹೆಸರು ಐತಲ್ಲ?" ಎಂದು ಕೇಳಿದರು.

"ಐತ್ರಿ."

ಅವರ ಮುಖ ಅರಳಿತು. ಇನ್ನೊಂದು ರೊಟ್ಟಿ ಹಾಕು ಎಂದರು. ಶಿವಬಸಮ್ಮ ಹಾಕಿದಳು.